ಒಬ್ಬಟ್ಟನ್ನು ಬಿಡುವ ಮಾತಲ್ಲ

ಪರದೇಶದ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯವನ್ನು ಬೆಂಗಳೂರಿನ ಬಸವನಗುಡಿಯಲ್ಲಿ, ಅಕ್ಕನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿದೆ. ಎಳ್ಳು-ಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿಲ್ಲ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಬಿದ್ದಿದೆ, ಮಧ್ಯಾಹ್ನವಾದರೆ ಮನೆಯವರೆಲ್ಲ ನೆನೆಸಿದ ಕಾಳಿನ ಪಾತ್ರೆಯ ಸುತ್ತ ಕುಳಿತು, ಒಂದೊಂದೇ ಕಾಳನ್ನು ಹಿಸುಕಿ ಸಿಪ್ಪೆಯಿಂದ ಬೇಳೆಯನ್ನು ಬೇರೆ ಮಾಡುತ್ತಾರೆ. ಅವರೆಯ ಸೊಗಡು ಬೆರಳಿಗೆ ಹತ್ತಿದರೆ ಸಂಜೆಯವರೆಗೂ ಹೋಗುವುದಿಲ್ಲ. ಪರದೇಶದ ನಮ್ಮ ಅಡುಗೆಮನೆಗಳಲ್ಲಿ ಹಿಮಗಟ್ಟಿದ ಪೊಟ್ಟಣವನ್ನು ಒಡೆದು ಮಾಡುವ ಹಿತಕಿದ ಬೇಳೆ ಸಾರಿಗೂ, ಇಲ್ಲಿ ಇಬ್ಬನಿ ಬಿದ್ದ ಕಾಯಿಯನ್ನು ಬಿಡಿಸಿ ಮಾಡುವ ಸಾರಿಗೂ ಎಷ್ಟು ದೂರವೆಂಬುದನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಈ ಬಾರಿ ನಾನು ಹಿಂದಿನ ಸಲಗಳಂತೆ ನಿಶ್ಚಿಂತೆಯಿಂದ ಬಂದಿಲ್ಲ. ಹೊರಡುವ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ವೈದ್ಯರು ತೂಕ ಇಳಿಸಬೇಕೆಂದು ಹೇಳಿ, ತಿನ್ನಬಾರದವುಗಳ ಪಟ್ಟಿಯೊಂದನ್ನು ಕೈಗಿತ್ತರು. ಅನ್ನ, ಆಲೂಗೆಡ್ಡೆ, ಕರಿದದ್ದು, ಬೆಣ್ಣೆ, ಸಿಹಿ ಎಂದು ಸಾಗಿದ ಆ ಪಟ್ಟಿಯಲ್ಲಿ ನನ್ನ ಬಾಲ್ಯವೆಲ್ಲ ಇತ್ತು. ವಿಮಾನದಲ್ಲಿ ಕುಳಿತಾಗ ನನ್ನ ಮುಂದೆ ಎರಡೇ ದಾರಿಗಳಿರುವಂತೆ ಕಂಡಿತ್ತು: ಐದು ವಾರ ಎಲ್ಲವನ್ನೂ ಮರೆತು ತಿಂದು ಹಿಂದಿರುಗಿದ ಮೇಲೆ ಕಟ್ಟುನಿಟ್ಟಾಗುವುದು, ಇಲ್ಲವೇ ಬೆಂಗಳೂರಿಗೆ ಬಂದೂ ಬಾಯಿ ಕಟ್ಟಿಕೊಂಡು ಕೂರುವುದು. ಎರಡೂ ತಪ್ಪು ದಾರಿಗಳೆಂದು ನನಗೆ ತಿಳಿಸಿಕೊಟ್ಟವರು ನಮ್ಮ ಭಾವ.

ಭಾವನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷಗಳಾಗಿವೆ. ದಿನವೂ ಬೆಳಗಿನ ಆರು ಗಂಟೆಗೆ ಲಾಲ್‌ಬಾಗಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಾರೆ. ಹೀಗಿರುವ ಮನುಷ್ಯ, ಬಂದ ಮೊದಲ ಭಾನುವಾರವೇ ನನ್ನನ್ನು ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದಾಗ ನನಗೆ ಆಶ್ಚರ್ಯವಾಯಿತು. 1943ರಿಂದ ಗಾಂಧಿ ಬಜಾರಿನಲ್ಲಿರುವ ಆ ಹೋಟೆಲಿನ ಮುಂದೆ ಹೆಸರು ಬರೆಸಿ ಕಾಯುವುದು, ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಜೋಡಿಸಿಕೊಂಡು ಬರುವ ಬಡಿಸುವವರನ್ನು ನೋಡುವುದು, ಇವೆಲ್ಲವೂ ಹಿಂದಿನಂತೆಯೇ ಇದ್ದವು. ಭಾವ ಒಂದು ಮಸಾಲೆ ದೋಸೆಯನ್ನು ಅವಸರವಿಲ್ಲದೆ, ಅಂಚಿನಿಂದ ಒಳಕ್ಕೆ, ಕೊನೆಯ ತುಣುಕಿನವರೆಗೂ ತಿಂದರು. ಕಾಫಿಯನ್ನು ನಾವಿಬ್ಬರೂ ಬೈ-ಟೂ ಮಾಡಿಕೊಂಡೆವು, ಅದೂ ಸಕ್ಕರೆಯಿಲ್ಲದೆ. "ನೋಡಮ್ಮ, ನಾನು ದೋಸೆಯನ್ನು ಬಿಟ್ಟಿಲ್ಲ. ದೋಸೆಯ ಹಿಂದೆ ಮುಂದೆ ಸುಮ್ಮನೆ ಬರುತ್ತಿದ್ದುದನ್ನೆಲ್ಲ ಬಿಟ್ಟಿದ್ದೇನೆ," ಎಂದರು.

ಸುಮ್ಮನೆ ಬರುತ್ತಿದ್ದುದು ಯಾವುದೆಂದು ಮನೆಗೆ ನಡೆಯುವ ದಾರಿಯಲ್ಲಿ ಅವರೇ ಬಿಡಿಸಿ ಹೇಳಿದರು. ದೋಸೆ ಬರುವವರೆಗೆ ಹೊತ್ತು ಕಳೆಯಲು ತಿನ್ನುತ್ತಿದ್ದ ವಡೆ, ಆಮೇಲೆ ಬಾಯಿ ಸಿಹಿ ಮಾಡಲೆಂದು ಕೇಸರಿಬಾತು, ಬರುವ ದಾರಿಯಲ್ಲಿ ಅಯ್ಯಂಗಾರ್ ಬೇಕರಿಯಿಂದ ಕಟ್ಟಿಸಿಕೊಳ್ಳುತ್ತಿದ್ದ ಖಾರಾ ಬನ್ನು, ಮಧ್ಯಾಹ್ನ ಹಸಿವಿಲ್ಲದಿದ್ದರೂ ಹೊತ್ತಾಯಿತೆಂದು ಮಾಡುತ್ತಿದ್ದ ಪೂರ್ತಿ ಊಟ. ಇವುಗಳಲ್ಲಿ ಯಾವುದನ್ನೂ ಅವರು ಆಸೆಪಟ್ಟು ತಿಂದವರಲ್ಲ, ಆಸೆಯಿದ್ದದ್ದು ದೋಸೆಯ ಮೇಲೆ ಮಾತ್ರ. ಈಗ ದೋಸೆ ತಿಂದ ದಿನ ಮಧ್ಯಾಹ್ನ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಪಲ್ಯ, ಸ್ವಲ್ಪವೇ ಮಜ್ಜಿಗೆ ಅನ್ನ ಅವರ ಊಟ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಷ್ಟೇ. ನಮ್ಮ ತೂಕ ಏರಿದ್ದು ನಾವು ಪ್ರೀತಿಸುವ ತಿಂಡಿಗಳಿಂದ ಎಂದು ನಾವೆಲ್ಲ ನಂಬಿದ್ದೇವೆ. ಲೆಕ್ಕ ಹಾಕಿ ನೋಡಿದರೆ, ಅದರಲ್ಲಿ ದೊಡ್ಡ ಪಾಲು ನಾವು ಗಮನಿಸದೆಯೇ ಬಾಯಿಗೆ ಹಾಕಿಕೊಂಡವುಗಳದ್ದು. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆಯಂತೆ ಸುಮಾರು 40 ಗ್ರಾಂ ಆಗುತ್ತದೆ. 2,000 ಕ್ಯಾಲೊರಿ ಉಣ್ಣುವ ಒಬ್ಬರಿಗೆ ದಿನಕ್ಕೆ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಲೆಕ್ಕ. ಹಾಗಾದರೆ ಮೈಸೂರು ಪಾಕಿನ ಪಾಲನ್ನು ನಾವು ಯಾವ ನೆನಪೂ ಉಳಿಯದ ನಾಲ್ಕನೆಯ ಕಾಫಿಗೆ ಕೊಟ್ಟುಬಿಟ್ಟಿದ್ದೇವೆ. ಟಿವಿಯ ಮುಂದಿನ ಮಿಕ್ಸ್ಚರ್, ಮಕ್ಕಳು ಬಿಟ್ಟ ಅನ್ನ, ಕಚೇರಿಯ ಬಿಸ್ಕತ್ತು ಇವೂ ಅದೇ ಸಾಲಿನವು. ದಿನಕ್ಕೆ 100 ಕ್ಯಾಲೊರಿ ಹೆಚ್ಚಾದರೆ ವರ್ಷಕ್ಕೆ 36,500 ಆಗುತ್ತದೆ, ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಮೈ ಭಾರವಾದಂತೆ ದೇಹದ ಖರ್ಚೂ ಏರುವುದರಿಂದ ವರ್ಷವರ್ಷವೂ ನಾಲ್ಕೂ ಮುಕ್ಕಾಲು ಕಿಲೋ ಸೇರುವುದಿಲ್ಲ, ನಿಜ. ಆದರೆ ಪ್ಯಾಂಟಿನ ಸೊಂಟ ಬಿಗಿಯಾಗುವುದು ಈ ಸಣ್ಣ ಮೊತ್ತಗಳಿಂದಲೇ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಮೈಸೂರು ಪಾಕು ಸಣ್ಣ ವಸ್ತುವಲ್ಲ. ಕಡಲೆಹಿಟ್ಟು ಒಂದು ಪಾಲಾದರೆ ಸಕ್ಕರೆ ಎರಡು, ತುಪ್ಪ ಎರಡು ಎಂಬುದು ಎಷ್ಟೋ ಮನೆಗಳ ಅಳತೆ. ಹಿಟ್ಟು, ಸಕ್ಕರೆಗಳ ಒಂದು ಗ್ರಾಮಿನಲ್ಲಿ ಸುಮಾರು 4 ಕ್ಯಾಲೊರಿ ಇದ್ದರೆ ತುಪ್ಪ, ಎಣ್ಣೆಗಳಲ್ಲಿ 9. ಹೀಗಾಗಿ 40 ಗ್ರಾಂ ತೂಗುವ ಒಂದು ತುಂಡಿನಲ್ಲಿ ಸುಮಾರು 240 ಕ್ಯಾಲೊರಿ ಕೂಡಿರುತ್ತದೆ. ಅದನ್ನು ಕರಗಿಸಲು ಭಾವನ ಮುಕ್ಕಾಲು ಗಂಟೆಯ ನಡಿಗೆ ಪೂರ್ತಿ ಬೇಕು. ನಡೆದು ಬಂದೆನೆಂಬ ಧೈರ್ಯದ ಮೇಲೆ ಎರಡನೆಯ ತುಂಡಿಗೆ ಕೈ ಹಾಕುವ ನಮ್ಮೆಲ್ಲರಿಗೂ ಈ ಲೆಕ್ಕ ತಿಳಿದಿರಬೇಕು. ನಡಿಗೆಯಿಂದ ಹೃದಯಕ್ಕೆ, ಸಕ್ಕರೆಗೆ, ನಿದ್ರೆಗೆ ಆಗುವ ಉಪಕಾರ ಬಹಳ ದೊಡ್ಡದು. ತೂಕದ ಮಾತು ಬಂದಾಗ ಮಾತ್ರ ತಟ್ಟೆಯ ಕೈಯೇ ಮೇಲು.

ನಾವೇನೂ ಅಷ್ಟು ದಪ್ಪವಿಲ್ಲವಲ್ಲ ಎಂದು ಸಮಾಧಾನಪಡುವವರಿಗಾಗಿ ಒಂದು ಚಿತ್ರದ ಕಥೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕದಲ್ಲಿರುವ ಭಾವಚಿತ್ರವೊಂದು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರ-ತೂಕಗಳಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರಿಗೂ 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಸಣಕಲು ಕೈಕಾಲು, ಹೊಟ್ಟೆಯ ಸುತ್ತ ಕೊಬ್ಬು ಎಂಬ ನಮ್ಮವರ ಮೈಕಟ್ಟನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಈ ಕಾರಣದಿಂದಲೇ ಭಾರತೀಯರಿಗೆ ಬಿಎಂಐ 25ರ ಬದಲು 23ಕ್ಕೇ ಎಚ್ಚರಿಕೆಯ ಗೆರೆ ಎಳೆಯಲಾಗಿದೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎನ್ನಲಾಗಿದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಸಮುದ್ರ ದಾಟಿದ ಮಾತ್ರಕ್ಕೆ ಆ ಮೈಕಟ್ಟನ್ನು ನಾವು ಹಿಂದೆ ಬಿಟ್ಟು ಬಂದಿಲ್ಲ.

ಅಕ್ಕನ ಮನೆಯಲ್ಲಿ ಈ ಮೂರು ವಾರ ಉಂಡು ನಾನು ಕಂಡುಕೊಂಡ ಮಾತೆಂದರೆ, ನಮ್ಮ ಹಿರಿಯರ ಊಟಕ್ಕೆ ಮಿತಿಯನ್ನು ಹೊರಗಿನಿಂದ ಯಾರೂ ಹಾಕಬೇಕಾಗಿರಲಿಲ್ಲ ಎಂಬುದು. ಅವರೆಕಾಯಿ ಚಳಿಗಾಲದಲ್ಲಿ ಬಂದು ಚಳಿಯೊಂದಿಗೇ ಹೋಗುತ್ತಿತ್ತು. ಒಬ್ಬಟ್ಟು ಯುಗಾದಿಗೆ, ಕಡುಬು ಗಣೇಶನ ಹಬ್ಬಕ್ಕೆ, ಎಳ್ಳು-ಬೆಲ್ಲ ಸಂಕ್ರಾಂತಿಗೆ. ಶನಿವಾರ ಒಪ್ಪತ್ತು. ಬೆಂಗಳೂರಿನ ಹೋಟೆಲುಗಳೇ ಎಷ್ಟೋ ಸಲ ಕೊರತೆಯ ನಡುವೆ ರುಚಿ ಹುಡುಕಿವೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿಯನ್ನು ಮಾಡಿದ್ದು ತಾವೆಂದು, 1924ರಲ್ಲಿ ಆರಂಭವಾದ ಎಂಟಿಆರ್‌ನವರು ಹೇಳುತ್ತಾರೆ. ಇನ್ನು ಬೈ-ಟೂ ಎಂಬುದು ಈ ಊರಿನ ದೊಡ್ಡ ಕೊಡುಗೆಯೆಂದೇ ನಾನು ಭಾವಿಸುತ್ತೇನೆ. ಅರ್ಧ ಲೋಟ ಕಾಫಿಯನ್ನು ಯಾವ ಸಂಕೋಚವೂ ಇಲ್ಲದೆ ಕೇಳಬಹುದಾದ, ಕೇಳಿದವರನ್ನು ಯಾರೂ ಜಿಪುಣರೆನ್ನದ ಊರುಗಳು ಹೆಚ್ಚಿಲ್ಲ. ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಕಾಫಿ ಸುರಿದುಕೊಂಡು ಕಾರಿನಲ್ಲಿ ಕುಡಿಯುವ ನಮ್ಮ ಈಗಿನ ಅಭ್ಯಾಸದಲ್ಲಿ ಕಳೆದುಹೋಗಿರುವುದು ಈ ಅಳತೆ.

ಪರದೇಶದಲ್ಲಿ ನಾವು ಹಬ್ಬದ ಎಲ್ಲೆಯನ್ನೂ ಅಳಿಸಿದ್ದೇವೆ. ಯುಗಾದಿಯ ದಿನ ಮನೆಯಲ್ಲೊಂದು ಹಬ್ಬ, ಮುಂದಿನ ಶನಿವಾರ ಸಂಘದಲ್ಲೊಂದು, ಅದರ ಮುಂದಿನ ವಾರ ಗೆಳೆಯರ ಮನೆಯಲ್ಲಿ ಮತ್ತೊಂದು. ಪ್ರತಿಯೊಂದರಲ್ಲೂ ಮನೆಗೊಂದು ಸಿಹಿ ಬರುವುದರಿಂದ ಮೇಜಿನ ಮೇಲೆ ಏಳೆಂಟು ಸಿಹಿಗಳು ಕೂಡುತ್ತವೆ, ಮಾಡಿ ತಂದವರ ಮನಸ್ಸು ನೋಯಬಾರದೆಂದು ನಾವು ಎಲ್ಲವನ್ನೂ ತಟ್ಟೆಗೆ ಹಾಕಿಕೊಳ್ಳುತ್ತೇವೆ. ಒಗ್ಗೂಡುವ ಆಸೆಯಿಂದಲೇ ಹೀಗಾಗುವುದು, ಆದ್ದರಿಂದ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೂ ಹೇಳುತ್ತೇನೆ: ನಮ್ಮ ಕಳೆದ ದೀಪಾವಳಿಯ ಊಟದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಹಿರಿಯರಲ್ಲಿ ಎಷ್ಟು ಮಂದಿ ಇನ್ಸುಲಿನ್ ತೆಗೆದುಕೊಳ್ಳುವವರೆಂದು ನನಗೆ ಗೊತ್ತಿತ್ತು. ಅವರಿಗಾಗಿ ನಾವು ಅಲ್ಲಿ ಏನನ್ನೂ ಯೋಚಿಸಿರಲಿಲ್ಲ.

ಬೆಲ್ಲ ಹಾಕಿದರೆ ತೊಂದರೆಯಿಲ್ಲ, ಸಿರಿಧಾನ್ಯವಾದರೆ ಎಷ್ಟು ತಿಂದರೂ ಆಗುತ್ತದೆ, ತುಪ್ಪ ಕೊಬ್ಬನ್ನು ಕರಗಿಸುತ್ತದೆ ಎಂಬ ಮಾತುಗಳು ನಮ್ಮ ನಡುವೆ ಓಡಾಡುತ್ತಿವೆ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ರಕ್ತದ ಸಕ್ಕರೆಯನ್ನು ಎರಡೂ ಏರಿಸುತ್ತವೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ಬಹಳ ಹೆಚ್ಚು, ಅದಕ್ಕಾಗಿ ಅದನ್ನು ಉಣ್ಣಬೇಕು, ಆದರೆ ಮೂರು ಮುದ್ದೆ ಮೂರು ಮುದ್ದೆಯೇ. ನವಣೆಯ ಬಿಸಿಬೇಳೆಬಾತಿಗೆ ಎರಡು ಸೌಟು ತುಪ್ಪ ಸುರಿದರೆ ನವಣೆಯಿಂದ ಏನೂ ಮಾಡಲಾಗದು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಗಾದೆ ಹೇಳುತ್ತಿರುವುದು ಊಟ ಬಲ್ಲವನನ್ನು ಕುರಿತು, ಊಟ ಬಿಟ್ಟವನನ್ನಲ್ಲ ಎಂಬುದು ಈ ಸಲ ನನಗೆ ಹೊಳೆಯಿತು. ಬಲ್ಲವರ ಊಟ ಹೇಗಿರುತ್ತದೆಂಬುದನ್ನು ಹೋದ ವಾರ ಜಯನಗರದ ಮದುವೆಯೊಂದರ ಪಂಕ್ತಿಯಲ್ಲಿ ಕಂಡೆ. ಬಾಳೆಯೆಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಬಳಿಕ ಎರಡು ಬಗೆಯ ಕೋಸಂಬರಿ, ಪಲ್ಯ, ಆಮೇಲೆ ಅನ್ನ-ತೊವ್ವೆ, ಸಾರು, ಒಬ್ಬಟ್ಟು, ಕೊನೆಗೆ ಮಜ್ಜಿಗೆ. ಬಡಿಸುವವರು ಒಂದು ಸುತ್ತು ಹೋಗಿ ಇನ್ನೊಂದು ಸುತ್ತು ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆಯುತ್ತಿತ್ತು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷದಷ್ಟು ಬೇಕೆನ್ನುತ್ತಾರೆ, ಪಂಕ್ತಿಯಲ್ಲಿ ಆ ಸಮಯ ತಾನಾಗಿಯೇ ಸಿಗುತ್ತದೆ. ಬಫೆಯಲ್ಲಿ ಎಲ್ಲವೂ ಒಂದೇ ಸಲಕ್ಕೆ ತಟ್ಟೆಗೆ ಬಂದು, ಹತ್ತು ನಿಮಿಷದಲ್ಲಿ ಊಟ ಮುಗಿದು, ಕಾಲು ಮತ್ತೆ ಸಾಲಿನ ಕಡೆಗೆ ತಿರುಗುತ್ತದೆ. ನನ್ನ ಪಕ್ಕದಲ್ಲಿದ್ದ ಹಿರಿಯರು ಎರಡನೆಯ ಒಬ್ಬಟ್ಟು ಬಂದಾಗ ಎಲೆಗೆ ಅಡ್ಡಲಾಗಿ ಅಂಗೈ ಹಿಡಿದರು. ಬಡಿಸುವ ಹುಡುಗ ಒತ್ತಾಯ ಮಾಡದೆ ಮುಂದೆ ಸಾಗಿದ. ಒಂದು ಕಾಲದಲ್ಲಿ ನಾಲ್ಕು ಸಲವಾದರೂ ಉಪಚಾರ ಹೇಳಿ, ಕೈ ಸರಿಸಿ ಬಡಿಸುತ್ತಿದ್ದರು. ಉಪಚಾರ ಕಡಿಮೆಯಾಯಿತೆಂದು ಅಕ್ಕ ಬೇಸರಪಟ್ಟಳು. ನನಗೆ ಮಾತ್ರ ಆ ಹುಡುಗನ ನಡೆಯಲ್ಲಿ ಹಿರಿಯರ ಮೇಲಿನ ಗೌರವವೇ ಕಂಡಿತು.

ನಾನು ಹಿಂದಿರುಗುವಾಗ ಒಯ್ಯಲೆಂದು ಅಕ್ಕ ಎಂದಿನಂತೆ ಎರಡು ಕಿಲೋ ಮೈಸೂರು ಪಾಕು ಕಟ್ಟಿಸಲು ಹೊರಟಿದ್ದಳು. "ಕಾಲು ಕಿಲೋ ಸಾಕು ಕಣೇ ಅಕ್ಕ, ಬಂದವರ ಜೊತೆ ಕೂತು ತಿಂದು ಮುಗಿಸುತ್ತೇವೆ," ಎಂದೆ. ಅರ್ಧ ಕಿಲೋಗೆ ಒಪ್ಪಂದವಾಯಿತು.

ನಮ್ಮ ಯುಗಾದಿ ಊಟದ ವಿಷಯವಾಗಿ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಕೋರಿಕೆಯನ್ನು ಇಟ್ಟಿದ್ದೇನೆ, ಸಮಿತಿ ಒಪ್ಪಿದೆ. ಈ ಸಲ ಬಫೆ ಇರುವುದಿಲ್ಲ, ಎಲೆ ಹಾಕಿ ಪಂಕ್ತಿಯಲ್ಲಿ ಬಡಿಸುತ್ತೇವೆ. ಸಿಹಿ ಒಂದೇ, ಅದು ಒಬ್ಬಟ್ಟು, ಅಂಗೈಯಗಲದ್ದು, ಬಿಸಿಯಾಗಿ ಬೇಯಿಸಿ ತುಪ್ಪ ಸವರಿದ್ದು. ಬೇಕೆನ್ನುವವರಿಗೆ ಅರ್ಧ ಒಬ್ಬಟ್ಟನ್ನೂ ಬಡಿಸುತ್ತೇವೆ. ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲೇ ಬರುತ್ತವೆ, ಎರಡನೆಯ ಸುತ್ತಿಗೂ ಸಾಕಷ್ಟಿರುತ್ತವೆ. ಬೇಡವೆಂದವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಸಿಹಿ ಮಾಡಿ ತರಬೇಕೆಂದಿರುವ ಮನೆಯವರು ಅದರ ಬದಲು ಹಿಂದಿನ ದಿನ ಸಂಜೆ ಹೂರಣ ರುಬ್ಬಲು, ಬೆಳಿಗ್ಗೆ ಒಬ್ಬಟ್ಟು ತಟ್ಟಲು ಕೈ ಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬಡಿಸುವುದಕ್ಕೆ ಹತ್ತು ಮಂದಿ ಬೇಕು, ಎಳೆಯರಾದರೆ ಇನ್ನೂ ಒಳ್ಳೆಯದು. ಹೆಸರನ್ನು ಸಮಿತಿಯ ಯಾರಿಗಾದರೂ ಕೊಡಿ. ಹಂಚಿನ ಮುಂದೆ ನಾನಿರುತ್ತೇನೆ.