ಮುರಿದ ಸೀಟಿಗೂ ಪೂರ್ತಿ ದುಡ್ಡೇ? ವಿಮಾನಯಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ನಮಸ್ಕಾರಗಳು.

ನನ್ನ ಬೇಡಿಕೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ದೇಶಕ್ಕೆ ಹೋಗುವ ವಿಮಾನದಲ್ಲಿ ಸೀಟು ಕೆಟ್ಟಿದ್ದರೆ ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಪ್ರಯಾಣಿಕರಿಗೆ ವಾಪಸ್ ಬರಬೇಕು. ಅರ್ಜಿ ಹಾಕದೆ, ಬೇಡಿಕೊಳ್ಳದೆ ಬರಬೇಕು. ಅದಕ್ಕೊಂದು ನಿಯಮ ಬೇಕು.

ಈ ಪತ್ರವನ್ನು ನಾನು ಎಂಟು ತಿಂಗಳ ಹಿಂದೆಯೇ ಬರೆಯಬೇಕಿತ್ತು. ಸರಿ ಹೋಗುತ್ತೆ ಅಂತ ಕಾದೆ. ಹೋಗಲಿಲ್ಲ.

ಅಮೆರಿಕದಲ್ಲಿರುವ ನನ್ನ ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಅಮ್ಮನಿಗೆ 71 ವರ್ಷ. ಒಂದು ಮಂಡಿಯ ಆಪರೇಷನ್ ಆಗಿದೆ. ನಡುವೆ ಒಂದು ಕಡೆ ಇಳಿದು ವಿಮಾನ ಬದಲಿಸಬೇಕಿತ್ತು. ಆಮೇಲಿನ ಹಾರಾಟವೇ ಹದಿನಾಲ್ಕು ಗಂಟೆಗಿಂತ ಜಾಸ್ತಿ. ಅದಕ್ಕೇ ಕಾಲು ಚಾಚಲು ಅನುಕೂಲ ಆಗಲಿ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ನಡುದಾರಿಯ ಪಕ್ಕದ ಸೀಟನ್ನು ಆರಿಸಿದ್ದೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಈ ಪತ್ರದಲ್ಲಿ ಮುಂದೆ ಬರುವ ಹೆಸರುಗಳಿಗೂ ನಮ್ಮ ಪ್ರಯಾಣಕ್ಕೂ ದಯವಿಟ್ಟು ಯಾರೂ ಗಂಟು ಹಾಕಬೇಡಿ.

ಅಮ್ಮ ಕೂತಳು. ಕೂತ ತಕ್ಷಣ ಎದ್ದಳು. ಸೀಟಿನ ಮೆತ್ತೆ ಪೂರ್ತಿ ಕುಸಿದು ಕೆಳಗಿನ ಕಂಬಿ ತೊಡೆಗೆ ಒತ್ತುತ್ತಿತ್ತು. ಬೆನ್ನು ಹಿಂದಕ್ಕೆ ಒರಗುತ್ತಿರಲಿಲ್ಲ. ಎದುರಿನ ಪರದೆ ಕಪ್ಪಾಗಿತ್ತು, ಅದು ಹೋಗಲಿ ಬಿಡಿ, ಅಮ್ಮ ಸಿನಿಮಾ ನೋಡುವವಳಲ್ಲ. ಗಗನಸಖಿಯನ್ನು ಕರೆದೆ. ಪಾಪ, ಆ ಹುಡುಗಿ ಎರಡು ಕಂಬಳಿ ಮಡಿಸಿ ಹಾಸಿಕೊಟ್ಟಳು. ಬೇರೆ ಸೀಟು ಒಂದೂ ಖಾಲಿ ಇರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಈ ಸೀಟಿನ ಬಗ್ಗೆ ಹಿಂದಿನ ಟ್ರಿಪ್‌ನಲ್ಲೂ ಬರೆದುಕೊಟ್ಟಿದ್ದೇವೆ."

ಅಂದರೆ ಗೊತ್ತಿತ್ತು! ಸೀಟು ಹಾಳಾಗಿದೆ ಅಂತ ಗೊತ್ತಿದ್ದೂ ಅದನ್ನು ಹೆಚ್ಚಿನ ದುಡ್ಡಿಗೆ ಮಾರಿದ್ದರು. ನನ್ನನ್ನು ಇವತ್ತಿಗೂ ಸುಡುವುದು ಈ ಒಂದು ಮಾತು.

ನನ್ನ ಸೀಟನ್ನು ಅಮ್ಮನಿಗೆ ಕೊಟ್ಟೆ. ಅದು ಮಧ್ಯದ ಸೀಟು, ಮಂಡಿ ಮಡಚಿಯೇ ಇಡಬೇಕು. ಎರಡು ಗಂಟೆಯಲ್ಲಿ ಕಾಲು ಊದಿಕೊಂಡಿತು. ಆಮೇಲೆ ಅಮ್ಮ ಹಿಂದೆ ಹೋಗಿ, ಊಟದ ಗಾಡಿ ನಿಲ್ಲಿಸುವ ಜಾಗದಲ್ಲಿ ಗೋಡೆ ಹಿಡಿದು ನಿಂತಳು. ವಿಮಾನ ಅಲುಗಿದಾಗಲೆಲ್ಲ ಬಂದು ಕೂರಬೇಕು, ಬೆಲ್ಟ್ ಹಾಕಬೇಕು, ಮತ್ತೆ ಎದ್ದು ಹೋಗಬೇಕು. ಇದನ್ನು ನೋಡಿದ ಓದುವ ಹುಡುಗನೊಬ್ಬ ತನ್ನ ಸೀಟನ್ನು ನಾಲ್ಕು ಗಂಟೆ ಬಿಟ್ಟುಕೊಟ್ಟ. ಅವನ ಹೆಸರನ್ನೂ ಕೇಳಲಿಲ್ಲ ನಾನು, ಅಷ್ಟು ಸುಸ್ತಾಗಿತ್ತು. ಇಳಿಯುವ ಹೊತ್ತಿಗೆ ಅಮ್ಮ ಒಂದೇ ಮಾತು ಹೇಳಿದಳು: "ಬಸ್ಸಾಗಿದ್ರೆ ಮಧ್ಯದಲ್ಲಿ ಎಲ್ಲಾದ್ರೂ ಇಳ್ಕೊಂಡ್ಬಿಡ್ತಿದ್ದೆ ಕಣೋ."

ಫೋಟೋ ಸಮೇತ ಸಂಸ್ಥೆಗೆ ಇಮೇಲ್ ಕಳಿಸಿದೆ. ಹನ್ನೊಂದು ದಿನಕ್ಕೆ ಉತ್ತರ ಬಂತು. ವಿಷಾದವಿದೆ, ನಮ್ಮ ವಿಮಾನಗಳ ನವೀಕರಣ ನಡೆಯುತ್ತಿದೆ, ಮುಂದಿನ ಸಲ ಒಳ್ಳೆಯ ಅನುಭವ ಸಿಗಲಿದೆ. ಜೊತೆಗೆ ಮುಂದಿನ ಟಿಕೆಟ್ಟಿಗೆ ಒಂದು ಸಣ್ಣ ರಿಯಾಯಿತಿ, ಅದೂ ಒಂದು ವರ್ಷದೊಳಗೆ ಬಳಸಿದರೆ ಮಾತ್ರ. ನನಗೆ ರಿಯಾಯಿತಿ ಬೇಡ ಸಾರ್. ನಾನು ಕೊಟ್ಟಿದ್ದು ಈ ಪ್ರಯಾಣಕ್ಕೆ. ವಾಪಸ್ ಬರಬೇಕಾದ್ದೂ ಈ ಪ್ರಯಾಣದ ದುಡ್ಡೇ.

ನಿಯಮಗಳು ನಿಮಗೆ ಗೊತ್ತೇ ಇವೆ. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮಾವಳಿ, ಸೆಕ್ಷನ್ 3, ಸೀರೀಸ್ ಎಂ, ಭಾಗ 4. ಟಿಕೆಟ್ ಇದ್ದೂ ಹತ್ತಿಸದಿದ್ದರೆ ಏನು, ವಿಮಾನ ರದ್ದಾದರೆ ಏನು, ತಡವಾದರೆ ಏನು ಅಂತ ಅದರಲ್ಲಿದೆ. 2023ರ ಫೆಬ್ರವರಿ 15ರಿಂದ ಇನ್ನೊಂದು ಒಳ್ಳೆಯ ವಿಷಯವೂ ಸೇರಿತು. ದುಡ್ಡು ಕೊಟ್ಟ ದರ್ಜೆಗಿಂತ ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ ಹಣ ವಾಪಸ್ ಕೊಡಬೇಕು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ 1,500 ಕಿ.ಮೀ. ತನಕ ಟಿಕೆಟ್ಟಿನ ಶೇ. 30, 3,500 ಕಿ.ಮೀ. ತನಕ ಶೇ. 50, ಅದಕ್ಕಿಂತ ದೂರವಾದರೆ ಶೇ. 75.

ಅಂದರೆ ಬಿಸಿನೆಸ್ ಕ್ಲಾಸ್‌ನವರನ್ನು ಎಕಾನಮಿಗೆ ಕಳಿಸಿದರೆ ಮುಕ್ಕಾಲು ದುಡ್ಡು ವಾಪಸ್. ಎಕಾನಮಿಯಲ್ಲಿರುವ ಮುದುಕಿಯನ್ನು ಕಂಬಿಯ ಮೇಲೆ ಕೂರಿಸಿದರೆ? ಅದಕ್ಕೂ ಇದೇ ಲೆಕ್ಕ ಹಾಕಬಹುದಲ್ವಾ? ಸೀಟು ಒರಗಲ್ಲ, ಮೆತ್ತೆ ಇಲ್ಲ ಅಂದರೆ ಅದು ಕೊಟ್ಟ ದುಡ್ಡಿನ ದರ್ಜೆ ಹೇಗಾಗುತ್ತೆ? ದೂರ ಹೆಚ್ಚಾದಷ್ಟೂ ಪಾಲು ಹೆಚ್ಚು ಅನ್ನುವ ನ್ಯಾಯವನ್ನು ನಿಮ್ಮ ನಿಯಮವೇ ಒಪ್ಪಿದೆ. ಅದೇ ನಿಯಮಕ್ಕೆ ಕೆಟ್ಟ ಸೀಟನ್ನೂ ಸೇರಿಸಿ ಅಂತಷ್ಟೇ ಕೇಳುತ್ತಿದ್ದೇನೆ.

ಹೊಸ ವಿಮಾನ ಬರುತ್ತಿವೆ, ಸ್ವಲ್ಪ ತಾಳಿ ಅನ್ನುತ್ತಾರೆ. ಎಷ್ಟು ತಾಳುವುದು? 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ ತರುವುದಾಗಿ ಹೇಳಿತು. ಅದರಲ್ಲಿ ದೂರದ ಪ್ರಯಾಣಕ್ಕೆ 40 ಏರ್‌ಬಸ್ ಎ350, 20 ಬೋಯಿಂಗ್ 787, 10 ಬೋಯಿಂಗ್ 777ಎಕ್ಸ್. 2024ರಲ್ಲಿ ಇಂಡಿಗೋ 30 ಎ350 ಕೇಳಿತು, ಮರುವರ್ಷ ಅದನ್ನು 60ಕ್ಕೆ ಏರಿಸಿತು. ನಾನೂ ಖುಷಿಪಟ್ಟೆ. ನಿಜವಾಗಿ ಖುಷಿಪಟ್ಟೆ. ಆದರೆ 2020ಕ್ಕೇ ಬರಬೇಕಿದ್ದ 777ಎಕ್ಸ್ ಈಗ 2027 ಅಂತ ಬೋಯಿಂಗ್ ಕಂಪನಿಯೇ ಹೇಳಿದೆ. ಇಂಡಿಗೋದ ಎ350 ಬರುವುದೂ 2027ರಿಂದ ಅಂತಲೇ ಹೇಳಿದ್ದು.

ಹಳೆಯ ವಿಮಾನಗಳ ಒಳಗನ್ನು ಬದಲಿಸುವುದೂ ಸುಲಭ ಅಲ್ಲ, ಒಪ್ಪುತ್ತೇನೆ. ವಿಮಾನದ ಸೀಟು ಬರೀ ಕುರ್ಚಿ ಅಲ್ಲ. ಬೆಂಕಿಯ ಪರೀಕ್ಷೆ, 16ಜಿ (ಅಂದರೆ ಗುರುತ್ವಾಕರ್ಷಣೆಯ 16 ಪಟ್ಟು) ಹೊಡೆತದ ಪರೀಕ್ಷೆ ಎಲ್ಲ ದಾಟಿ ಬರಬೇಕು. ಜಗತ್ತಿನಾದ್ಯಂತ ಸೀಟುಗಳು ತಡವಾಗುತ್ತಿವೆ. ಏರ್ ಇಂಡಿಯಾದ 787 ಮೊದಲು ಬಂದದ್ದು 2012ರಲ್ಲಿ. ಆ 787ಗಳಲ್ಲಿ ಮೊದಲನೆಯದು ಹೊಸ ಸೀಟಿಗಾಗಿ ಅಮೆರಿಕದ ವಿಕ್ಟರ್‌ವಿಲ್‌ಗೆ ಹೋದದ್ದು 2025ರ ಜುಲೈನಲ್ಲಿ. ವಿಮಾನ ರಿಪೇರಿಗೆ ಹೋದರೆ ಹಾರಾಟ ಕಡಿಮೆಯಾಗುತ್ತದೆ. ದೆಹಲಿ–ವಾಷಿಂಗ್ಟನ್ ಹಾರಾಟವನ್ನು 2025ರ ಸೆಪ್ಟೆಂಬರ್‌ನಿಂದ ನಿಲ್ಲಿಸಿದಾಗ ಸಂಸ್ಥೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಇನ್ನೊಂದು ಪಾಕಿಸ್ತಾನದ ವಾಯುಮಾರ್ಗ ಮುಚ್ಚಿದ್ದು.

ಇದೆಲ್ಲ ಅರ್ಥವಾಗುತ್ತದೆ. ಅರ್ಥವಾಗದಿರುವುದು ಒಂದೇ. ತಡ ಆಗಿರುವುದು ಅವರದ್ದು, ಅದರ ಬೆಲೆಯನ್ನು ನನ್ನ ಅಮ್ಮನ ಮಂಡಿ ಯಾಕೆ ತೆರಬೇಕು? ಹೊಸ ಸೀಟು ಬರುವ ತನಕ ಹಳೆಯ ಸೀಟಿಗೆ ಕಡಿಮೆ ದುಡ್ಡು ತೆಗೆದುಕೊಳ್ಳಲಿ. ಅಥವಾ ಆ ಸೀಟನ್ನು ಮಾರದೇ ಇರಲಿ. ಖಾಲಿ ಬಿಟ್ಟರೆ ನಷ್ಟ ಆಗುತ್ತೆ ಅಂತಾದರೆ ಎಷ್ಟು ಬೇಗ ರಿಪೇರಿ ಮಾಡುತ್ತಾರೆ ನೋಡಿ.

ಹೊಸ ಮಾರ್ಗಗಳ ಮಾತೂ ಜೋರಾಗಿದೆ. ಬರಲಿ, ನಮಗೂ ಬೇಕು. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನೇರವಾಗಿ ಬೆಂಗಳೂರಿಗೆ ಬಂದಿಳಿದರಲ್ಲ, ಆ ದಿನ ಅಮ್ಮನೂ ನಾನೂ ಟಿವಿ ಮುಂದೆ ಕೂತು ನೋಡಿದ್ದೆವು. ಅಮ್ಮನ ಕಣ್ಣಲ್ಲಿ ನೀರು ಬಂದಿತ್ತು. ವಿಮಾನ ಅಂದರೆ ನಮ್ಮ ಮನೆಯಲ್ಲಿ ಅಷ್ಟು ಹೆಮ್ಮೆ. ಆದರೆ ಹೊಸ ಮಾರ್ಗಕ್ಕೆ ಒಪ್ಪಿಗೆ ಕೊಡುವಾಗ ಒಂದು ಪ್ರಶ್ನೆ ಕೇಳಿ: ಯಾವ ವಿಮಾನ ಕಳಿಸುತ್ತೀರಿ, ಅದರಲ್ಲಿ ಎಷ್ಟು ಸೀಟು ಕೆಟ್ಟಿವೆ? ಹೊಸ ಊರಿಗೆ ಹಳೆಯ ಕಂಬಿಯ ಮೇಲೆ ಕೂತು ಹೋಗುವುದು ನಮಗೆ ಬೇಡ.

ಕೆಟ್ಟ ಸೀಟಿನ ಕಷ್ಟ ನಿಮ್ಮ ಸರ್ಕಾರಕ್ಕೆ ಹೊಸದೇನಲ್ಲ. 2025ರ ಫೆಬ್ರವರಿಯಲ್ಲಿ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಭೋಪಾಲ್‌ನಿಂದ ದೆಹಲಿಗೆ ಏರ್ ಇಂಡಿಯಾ ವಿಮಾನದಲ್ಲಿ ಕುಸಿದ ಸೀಟಿನಲ್ಲಿ ಕೂತು ಬಂದರು. ಪೂರ್ತಿ ದುಡ್ಡು ತೆಗೆದುಕೊಂಡು ಹೀಗೆ ಕೂರಿಸುವುದು ಸರಿಯಾ ಅಂತ ಅವರೇ ಬಹಿರಂಗವಾಗಿ ಕೇಳಿದರು. ಸಂಸ್ಥೆ ಕ್ಷಮೆ ಕೇಳಿತು. ನಿಮ್ಮ ಸಚಿವಾಲಯವೂ ಕೂಡಲೇ ಗಮನ ಕೊಟ್ಟಿತು. ಒಳ್ಳೆಯದೇ ಆಯಿತು. ಅದು ದೇಶದೊಳಗಿನ ಸಣ್ಣ ಹಾರಾಟ. ನಮ್ಮದು ಹದಿನಾಲ್ಕು ಗಂಟೆ. ನಮ್ಮ ಪ್ರಶ್ನೆಯೂ ಅದೇ ಪ್ರಶ್ನೆ. ನಮಗೆ ಯಾಕೆ ಬರೀ ವಿಷಾದದ ಇಮೇಲ್?

ಮತ್ತೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕೆಟ್ಟ ಸೀಟಿಗೆ ದುಡ್ಡು ವಾಪಸ್ ಕೊಡುವ ನಿಯಮ ಮಾಡಿ. ಕೆಟ್ಟಿದೆ ಅಂತ ಸಿಬ್ಬಂದಿ ಬರೆದುಕೊಟ್ಟ ದಿನದಿಂದಲೇ ಆ ಸೀಟು ಬುಕಿಂಗ್‌ನಲ್ಲಿ ಕಾಣದ ಹಾಗೆ ಮಾಡಿ. ಇದಕ್ಕೆ ಹೊಸ ವಿಮಾನ ಬೇಕಿಲ್ಲ, 2027ರ ತನಕ ಕಾಯಬೇಕಿಲ್ಲ. ನಿಮ್ಮ ಒಂದು ಸಹಿ ಸಾಕು.

ತಂಗಿಯ ಮಗುವಿಗೆ ಈಗ ಎಂಟು ತಿಂಗಳು. ಮೊದಲ ಹುಟ್ಟುಹಬ್ಬಕ್ಕೆ ಬರಬೇಕು ಅಂತ ದಿನವೂ ಫೋನ್ ಮಾಡುತ್ತಾಳೆ. ಅಮ್ಮ "ನೋಡೋಣ" ಅಂತ ಹೇಳಿ ಫೋನನ್ನು ನನ್ನ ಕೈಗೆ ಕೊಡುತ್ತಾಳೆ. ನಾನು ಇನ್ನೂ ಟಿಕೆಟ್ ಮಾಡಿಸಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರಯಾಣಿಕ