ಗೌರಿ ಹೂವಿನ ಗಡ್ಡಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ರಾತ್ರಿ ನೀ ಅರ್ಧಾ ರೊಟ್ಟಿ ಬಿಟ್ಟು ಎದ್ದು ಹೋದಿ. "ಕುದುರೆಮುಖದ ಗುಡ್ಡದಾಗ ಮೂರು ತಿಂಗಳು ಗಿಡಾ ಎಣಸೂದು ಯಾವ ನೌಕರಿ?" ಅಂತ ನಾ ಕೇಳಬಾರದಿತ್ತು. ಅಂಜಿಕಿ ಬಂದ್ರ ನನ್ನ ಬಾಯಿಂದ ಅದು ಸಿಟ್ಟಾಗೇ ಹೊರಬೀಳತೈತಿ.

ಕಪ್ಪತಗುಡ್ಡದ ಆ ದಿನ ನಿನಗ ನೆನಪೈತಿ. ಆದ್ರ ನಿನಗ ಗೊತ್ತಿರೂದು ಅರ್ಧಾ.

ಶ್ರಾವಣ. ಡೋಣಿ ದಾಟಿ ಮ್ಯಾಲ ಹತ್ತಿದ್ವಿ. ಕಂಟಿ ಮ್ಯಾಲ ಬಳ್ಳಿ ಹಬ್ಬಿತ್ತು, ಎಲಿ ತುದಿನ ಸುರುಳಿಯಾಗಿ ಟೊಂಗಿ ಹಿಡಕೊಂಡಿತ್ತು. "ಇದು ಗೌರಿ ಹೂವು, ಅಗ್ನಿಶಿಖೆ ಅಂತಾರ. ಆರೂ ಎಸಳು ಹಿಂದಕ್ಕ ಬಾಗಿ ಹೆಂಗ ಉರಿ ಎದ್ದಂಗ ಅದಾವ ನೋಡು. ಈಗ ಬುಡಕ್ಕ ಹಳದಿ, ನಾಕು ದಿನಕ್ಕ ಪೂರ್ತಿ ಕೆಂಪು" ಅಂತ ತೋರಿಸಿದಾಂವ ನಾನ. ಮಣ್ಣು ಕೆದರಿ, ರಂಟಿಯಂಗ ಬಾಗಿದ ಗಡ್ಡಿ ತಗದು ನಿನ್ನ ಕೈಯಾಗ ಕೊಟ್ಟಾಂವನೂ ನಾನ. "ಇದಕ್ಕ ಲಾಂಗಲಿ ಅಂತ ಹೆಸರು, ಲಾಂಗಲ ಅಂದ್ರ ನೇಗಿಲು" ಅಂತ ಶಾಣ್ಯಾತನಾ ತೋರಿಸಿದೆ. ವಿಷ ಅನ್ನೂದೊಂದು ಹೇಳಲಿಲ್ಲ. ಯಾರೋ ಕರದ್ರು, ಅತ್ತಾಗ ಹೋದೆ. ಹೊಳ್ಳಿ ನೋಡೂದ್ರಾಗ ಗೆಣಸು ಅಂತ ತಿಳದು ನೀ ಕಡದಿದ್ದಿ.

ಉಗುಳಿದಿ ಖರೆ. ಒಳಗ ಎಷ್ಟು ಹೋತು? ಅದರಾಗಿನ ಕೋಲ್ಚಿಸಿನ್ ಅನ್ನೂ ವಿಷ ತಾಸುಗಟ್ಟಲೆ ಸುಮ್ನಿದ್ದು ಆಮ್ಯಾಲ ವಾಂತಿ, ಭೇದಿ ಹಚ್ಚತೈತಿ, ರಾತ್ರಿ ಕಳೀಲಿ ಅಂದ್ರು ಡಾಕ್ಟರು. ನಿನ್ನ ಹೊಟ್ಟಿ ಮ್ಯಾಲ ಕೈ ಇಟ್ಟು ಕೂತೆ. ನೀ ಮಗ್ಗಲಾ ಬದಲಿಸಿದ್ರ ಎದಿ ಧಸಕ್ ಅಂತಿತ್ತು. ಕೆಮ್ಮಿದ್ರ ಬೋಗಾಣಿ ಹಿಡೀತಿದ್ದೆ. ಎರಡಾತು, ಮೂರಾತು, ಏನೂ ಆಗಲಿಲ್ಲ. ಏನೂ ಆಗದ್ದಕ್ಕ ಮತ್ತೂ ಅಂಜಿಕಿ. ನಸುಕಿನ್ಯಾಗ ಎದ್ದು ಚುನಮರಿ ಕೇಳಿದಿ. ಇವತ್ತಿಗೂ ನಿನ್ನ ಫೋನ್ ತಡಾ ಆದ್ರ ಆ ಹೊಟ್ಟಿ ಏರಿಳಿಯೂದು ನನ್ನ ಅಂಗೈಗೆ ಹತ್ತತೈತಿ.

ನಿಮ್ಮವ್ವಗ ಏನು ಹೇಳಿದೆ ಗೊತ್ತೇನ? "ಬ್ಯಾಡಂದ್ರೂ ಕೇಳಲಿಲ್ಲ, ತಾನ ಅಗದು ತಿಂದ್ಲು." ನೀನೂ ಅದನ್ನ ನಂಬಿ ಬೆಳದಿ. ಮಂದಿ "ಇಕಿ ಸಣ್ಣಾಕಿದ್ದಾಗಿಂದ ಹಟಮಾರಿ" ಅಂದಾಗೆಲ್ಲಾ ನಾ ಸುಮ್ನ ಕೂತೆ. ತಪ್ಪು ನಂದವ್ವಾ. ಇವತ್ತು ಮುಂಜಾನೆ ಅಕಿಗೂ ಹೇಳೀನಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಾಗ ಓದು ಮುಗಿಸಿ ಬಂದು, ಆ ಹೂವಿನ ಶಲಾಕೆ, ಅಂದ್ರ ಹೆಣ್ಣು ಭಾಗದ ಕಡ್ಡಿ, ಯಾಕ ಅಡ್ಡ ಬಾಗಿರತೈತಿ, ತನ್ನ ಪರಾಗ ತನ್ನ ಮ್ಯಾಲ ಬೀಳದಂಗ ಹೆಂಗ ತಪ್ಪಸ್ತೈತಿ ಅಂತ ನೀ ಬಿಡಿಸಿ ಹೇಳಿದಿ. ಔಷಧಕ್ಕಂತ ಗಡ್ಡಿ ಅಗದು ಅಗದು ಬಳ್ಳಿ ಕಡಿಮಿ ಆಗ್ಯಾವ ಅಂತನೂ ನೀನ ಹೇಳಿದಿ. 2019ರಾಗ ನಮ್ಮ ಗುಡ್ಡ ವನ್ಯಜೀವಿ ಧಾಮ ಆದಾಗ ಹಬ್ಬದಂಗ ಕುಣದಾಕಿ ನೀ. ನನ್ನ ಮಗಳಿಗಿಂತ ಚೊಲೊ ಯಾರು ಎಣಸ್ತಾರ?

ಆದ್ರ ಒಬ್ಬಾಕಿನ ಗುಡ್ಡಾ ಹತ್ತಬ್ಯಾಡ. ಗಡ್ಡಿ ಮುಟ್ಟಿದ ಕೈ ಸಾಬಾಣ ಹಚ್ಚಿ ತೊಳೀದ ಉಣ್ಣಾಕ ಕೂಡಬ್ಯಾಡ. ಮಳಿಯಾಗ ಹಳ್ಳ ದಾಟಬ್ಯಾಡ, ಅಲ್ಲಿ ಮಳಿ ನಮ್ಮ ಗದಗಿನ ಮಳಿ ಅಲ್ಲ. ಸಂಜಿಮುಂದ ಫೋನ್ ಮಾಡು. ಸಿಗ್ನಲ್ ಇಲ್ಲಂದ್ರ ಇರೋ ಜಾಗಾಕ್ಕ ಬಂದು ಮಾಡು. ಕಾಲಾಗ ಗಟ್ಟಿ ಬೂಟು ಇರಲಿ.

ಶೇಂಗಾ ಹಿಂಡಿ, ಕಟಿ ರೊಟ್ಟಿ ಕಟ್ಟಿ ಇಟ್ಟೈತಿ. ನಾಳೆ ಆರಕ್ಕ ಬಸ್ಸು. ಹುಬ್ಬಳ್ಳಿ ತನಕ ಬರಲೇನು? ಬ್ಯಾಡಂದ್ರ, ಇಲ್ಲೇ ಬಸ್ ಸ್ಟ್ಯಾಂಡಿಗೆರ ಬರತೀನಿ.

ನಿನ್ನ ಅಪ್ಪ