43 ದಿನ ಆದ್ಮೇಲೆ ಹಡಗು ಹೊರಟಿತು, ಎಲ್ಲರಿಗೂ ಥ್ಯಾಂಕ್ಸ್

ಗುರುವಾರ ಹೈಕೋರ್ಟು ಅರೆಸ್ಟ್ ಆರ್ಡರ್ ತೆಗೆದುಹಾಕ್ತು, ಶುಕ್ರವಾರ ರಾತ್ರಿ ಹಡಗು ಮಂಗಳೂರಿನ ಪಣಂಬೂರು ಬಂದರು ಬಿಟ್ಟು ಹೊರಟೂ ಹೋಯ್ತು. ನಿನ್ನೆ ರಾತ್ರಿಯಷ್ಟೇ ನಂಗೆ ಸರಿಯಾಗಿ ನಿದ್ದೆ ಬಂದಿದ್ದು, ಎದ್ದ ಕೂಡ್ಲೇ ಇದನ್ನ ಬರೀತಾ ಇದ್ದೀನಿ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಇಂಥ ಕೇಸಲ್ಲಿ ಪ್ರತಿವಾದಿ ಅಂದ್ರೆ ಹಡಗೇ, ಹಿಡಿದು ನಿಲ್ಲಿಸೋದೂ ಹಡಗನ್ನೇ. ನಮ್ಮ ಕಕ್ಷಿದಾರರ ಹತ್ರ ಇರೋದು ಅದೊಂದೇ ಹಡಗು, ಅದನ್ನ ಒಬ್ರು ಇಂತಿಷ್ಟು ಕಾಲಕ್ಕೆ ಸಿಬ್ಬಂದಿ ಸಮೇತ ಬಾಡಿಗೆಗೆ, ಅಂದ್ರೆ ಟೈಮ್ ಚಾರ್ಟರ್‌ಗೆ ತಗೊಂಡಿದ್ರು, ಡೀಸೆಲ್ ಆರ್ಡರ್ ಮಾಡಿದ್ದು ಅವ್ರು, ದುಡ್ಡು ಕೊಡದೆ ಕೈ ಎತ್ತಿದ್ದೂ ಅವ್ರು, ಡೀಸೆಲ್ ಕೊಟ್ಟೋರು ಕೇಸ್ ಹಾಕಿದಾಗ ಸಿಕ್ಕಾಕೊಂಡಿದ್ದು ಮಾತ್ರ ಹಡಗು. 2017ರ ಅಡ್ಮಿರಾಲ್ಟಿ (ಕಡಲ ವ್ಯಾಜ್ಯಗಳ) ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇಂಥ ಬಾಕಿಗೆ ಮಾಲೀಕರೇ ಹೊಣೆ ಆಗಿರ್ಬೇಕು, ಇಲ್ಲಾ ಹಡಗನ್ನ ಪೂರ್ತಿ ತನ್ನ ವಶಕ್ಕೆ ತಗೊಂಡ ಡಿಮೈಸ್ ಚಾರ್ಟರರ್ ಹೊಣೆ ಆಗಿರ್ಬೇಕು. ಬಾಕಿ ಉಳಿಸಿದ ಟೈಮ್ ಚಾರ್ಟರರ್ ಇವೆರಡೂ ಅಲ್ಲ, ನಾವು ಹೇಳಿದ್ದು ಇಷ್ಟೇ. ಬಾಕಿಗೆ ಭದ್ರತೆಯಾಗಿ ಕೋರ್ಟಿಗೆ ಸೆಕ್ಯೂರಿಟಿ ಕಟ್ಟಿದ್ರೆ ಮೊದಲ ವಾರವೇ ಬಿಡಿಸ್ಬಹುದಿತ್ತು, ಆದ್ರೆ ಅಷ್ಟು ದುಡ್ಡು ನಮ್ಮ ಕಕ್ಷಿದಾರರ ಹತ್ರ ಎಲ್ಲಿತ್ತು. ಹಡಗಿನ ಮಾಲೀಕರು ಅಂದ್ರೆ ಕೋಟ್ಯಧಿಪತಿಗಳು ಅನ್ನೋರು ಅವರ ಮನೆಗೆ ಒಂದ್ಸಲ ಹೋಗಿ ಬರ್ಬೇಕು. ಹೆಂಡತಿ ಬಂಗಾರ ಅಡವಿಟ್ಟು ಮೊದ್ಲು ಕೊಟ್ಟಿದ್ದು ಸಿಬ್ಬಂದಿ ಸಂಬಳ. ಕಾನೂನಲ್ಲೂ ನಾವಿಕರ ಸಂಬಳಕ್ಕೇ ಮೊದಲ ಸ್ಥಾನ, ಆದ್ರೆ ಅವ್ರು ಕಾನೂನು ನೋಡಿ ಕೊಟ್ಟಿದ್ದಲ್ಲ.

ಮೊದಲ ಥ್ಯಾಂಕ್ಸ್ ಹಡಗಲ್ಲಿದ್ದ 11 ಜನಕ್ಕೆ. ಅರೆಸ್ಟ್ ಆಯ್ತು ಅಂತ ಹಡಗು ಖಾಲಿ ಬಿಟ್ಟು ಇಳಿಯೋಹಾಗಿಲ್ಲ, ಲಂಗರು ಜಾರದ ಹಾಗೆ ಹಗಲೂ ರಾತ್ರಿ ಕಾಯ್ಬೇಕು, ಅದೂ ಜುಲೈ ತಿಂಗಳ ಕಡಲಲ್ಲಿ. ನಾಲ್ಕು ದಿನ ಸಾಮಾನು ಒಯ್ಯೋ ಲಾಂಚ್ (ಸಣ್ಣ ದೋಣಿ) ಹೋಗ್ಲಿಕ್ಕೇ ಆಗ್ಲಿಲ್ಲ, ಅಕ್ಕಿ ಬೇಳೆಯಲ್ಲೇ ದಿನ ದೂಡಿದ್ರು, ಫೋನಲ್ಲಿ ಒಬ್ರೂ ಬೈಲಿಲ್ಲ, "ವಕೀಲ್ರೇ ನೀವು ಊಟ ಮಾಡಿದ್ರಾ" ಅಂತ ಕೇಳ್ತಿದ್ರು. ಅಲೆ ತಗ್ಗಿದ ಕೂಡ್ಲೇ ನೀರು, ತರಕಾರಿ ಹೊತ್ಕೊಂಡು ಹೋದ ಏಜೆಂಟ್ ಆಫೀಸಿನ ಹುಡುಗರೇ, ನಿಮ್ಮ ಋಣ ದೊಡ್ಡದು.

ನಮ್ಮ ಸೀನಿಯರ್‌ಗೆ ಏನಂತ ಹೇಳ್ಲಿ. ನಾನು ಸೇರಿದ ವಾರವೇ, ಹಡಗು ಅರೆಸ್ಟ್ ಮಾಡೋ ಹೈಕೋರ್ಟಿನ ಅಧಿಕಾರವನ್ನ ಎತ್ತಿಹಿಡಿದ ಎಂ.ವಿ. ಎಲಿಜಬೆತ್ ಕೇಸಿನ 1992ರ ಸುಪ್ರೀಂ ಕೋರ್ಟ್ ತೀರ್ಪು ಕೈಗಿಟ್ಟು, ಮೂರು ಸಲ ಓದು, ಆಮೇಲೆ ಮಾತಾಡು ಅಂದಿದ್ರು. ಈ ಸಲ ವಾದಕ್ಕೆ ನನ್ನನ್ನೇ ನಿಲ್ಲಿಸಿ ಅವ್ರು ಹಿಂದಿನ ಸಾಲಲ್ಲಿ ಕೂತಿದ್ರು. ಎದುರು ಪಕ್ಷದ ವಕೀಲರಿಗೂ ಥ್ಯಾಂಕ್ಸ್, ಸಿಬ್ಬಂದಿ ಕಷ್ಟ ಹೇಳಿದಾಗ ಬೇಗ ವಿಚಾರಣೆ ಆಗ್ಲಿ ಅಂತ ಒಪ್ಕೊಂಡ್ರು. ಆರ್ಡರ್ ಕಾಪಿ ಬಂದರು ಆಫೀಸಿಗೂ ಕಸ್ಟಮ್ಸ್‌ಗೂ ತಲುಪದೆ ಹಡಗು ಕದಲಲ್ಲ, ಅದಕ್ಕೆ ಸಂಜೆವರೆಗೂ ಕಾದು ಕಾಪಿ ತಗೊಂಡು, ಶಿರಾಡಿಯಲ್ಲಿ ಮಣ್ಣು ಕುಸಿದಿದೆ ಅಂತ ಚಾರ್ಮಾಡಿ ಸುತ್ತಿ ರಾತ್ರಿಯೆಲ್ಲ ಬಂದ ನಮ್ಮ ಗುಮಾಸ್ತರಿಗೆ ಕೈಮುಗಿದೆ.

ಹೊನ್ನಾವರದ ಅಡುಗೆ ಅಣ್ಣಾ, ಈ ಗಲಾಟೆಯಲ್ಲಿ ನಿಮ್ಮ ಮಗಳ ನಾಮಕರಣ ತಪ್ಪಿ ಹೋಯ್ತು. ರಜೆ ವಿಷಯ ಮಾಲೀಕರ ಹತ್ರ ಮಾತಾಡಿದ್ದೀನಿ, ಕೊಚ್ಚಿಯಲ್ಲಿ ಇಳಿದವರು ಸೀದಾ ರೈಲು ಹತ್ತಿ ಮನೆಗೆ ಹೋಗಿ.